ದೋಣಿಗೆ ಹಾಕಿದ ಸೂಟ್‌ಕೇಸ್ ಗಂಟು

ಪ್ರತಿಯೊಬ್ಬರಿಗೂ ಯಾರೂ ಕಲಿಸದ, ಯಾವ ಇಂಟರ್‌ವ್ಯೂನಲ್ಲೂ ಹೇಳಿಕೊಳ್ಳಲಾಗದ ಒಂದು ವಿದ್ಯೆ ಇರುತ್ತದೆ. ನನ್ನದು ಸೂಟ್‌ಕೇಸಿಗೆ ಹಗ್ಗ ಕಟ್ಟುವುದು. ಎಂಜಿನಿಯರಿಂಗ್ ಓದಿ, ಟೆಕ್ಸಾಸಿನವರೆಗೆ ಬಂದು, ದಿನವಿಡೀ ಕಂಪ್ಯೂಟರ್ ಮುಂದೆ ಕೂತರೂ ಡಲ್ಲಾಸ್ ಪಕ್ಕದ ಇರ್ವಿಂಗಿನ ಕನ್ನಡಿಗರು ನನ್ನನ್ನು ಗುರುತಿಸುವುದು ಇದೊಂದೇ ಕಾರಣಕ್ಕೆ. ಯಾರೇ ಬೆಂಗಳೂರಿಗೆ ಹೊರಡಲಿ, ಹಿಂದಿನ ದಿನ ಫೋನ್ ಬರುತ್ತದೆ: "ಪ್ಯಾಕಿಂಗ್ ಆಯ್ತು ಸಾರ್, ಸ್ವಲ್ಪ ಬಂದು ಕಟ್ಟಿಕೊಟ್ಟು ಹೋಗ್ತೀರಾ?" ನೈಲಾನ್ ಹಗ್ಗದ ಸುರುಳಿ ಹಿಡಿದು ಹೋಗುತ್ತೇನೆ. ಬಾಗಿಲು ತೆಗೆದ ಮಗು ಒಳಗೆ ತಿರುಗಿ ಕೂಗುತ್ತದೆ, "ಮಾಮ್, ಸೂಟ್‌ಕೇಸ್ ಅಂಕಲ್ ಈಸ್ ಹಿಯರ್!" ಮಂಡಿಯೂರಿ, ಉದ್ದಕ್ಕೊಂದು ಸುತ್ತು, ಅಡ್ಡಕ್ಕೆರಡು ಸುತ್ತು ಬಿಗಿದು, ಗಂಟಿನ ಮೇಲೆ ಗಂಟು ಹಾಕಿದರೆ ಮುಗಿಯಿತು. ಯಾವ ಏರ್‌ಪೋರ್ಟಿನಲ್ಲಿ ಎತ್ತಿ ಬಿಸಾಡಿದರೂ ಬಿಚ್ಚುವುದಿಲ್ಲ. ನಾನು ಕಟ್ಟಿದ್ದನ್ನು ಬಸವನಗುಡಿಯ ಅಜ್ಜಿಯೊಬ್ಬರು ಕೊನೆಗೆ ಈಳಿಗೆಮಣೆ ತರಿಸಿ ಕೊಯ್ದರಂತೆ. ಅದನ್ನು ಕೇಳಿದ ಮೇಲೆ ಒಂದು ವಾರ ನನ್ನ ನಡಿಗೆಯೇ ಬದಲಾಗಿತ್ತು.

ಕಳೆದ ಬೇಸಿಗೆಯಲ್ಲಿ ನಾವು ಇಂಗ್ಲೆಂಡಿಗೆ ಹೋದೆವು. ನನ್ನ ಹೆಂಡತಿ ಸುಮಾಳ ಅಕ್ಕ ಉಷಕ್ಕ ಅಲ್ಲಿದ್ದಾರೆ. ಅವರ ಯಜಮಾನರು ಶ್ರೀಧರ್, ಅಂದರೆ ನನ್ನ ಷಡ್ಡಕರು, ಒಂದು ದಿನದ ಮಟ್ಟಿಗೆ ಕಾಲುವೆಯ ದೋಣಿಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ನ್ಯಾರೋಬೋಟ್ ಎನ್ನುತ್ತಾರೆ. ರೈಲಿನ ಬೋಗಿಯನ್ನು ಎರಡೂ ಕಡೆಯಿಂದ ಒತ್ತಿ ಸಪೂರ ಮಾಡಿ ನೀರಿಗೆ ಬಿಟ್ಟರೆ ಹೇಗೋ ಹಾಗೆ. ಒಳಗೆ ಪುಟ್ಟ ಅಡುಗೆಮನೆ, ಕಿಟಕಿಗಳಿಗೆ ಲೇಸಿನ ಪರದೆ. ವೇಗ ಮನುಷ್ಯ ನಡೆದಷ್ಟೇ. ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಹೋಗುವಾಗ ಮುಂದಿನ ಕಾರು ಸ್ವಲ್ಪ ನಿಧಾನಿಸಿದರೂ ಗೊಣಗುವ ನಾನು, ಅಂದು ಬಾತುಕೋಳಿಯೊಂದು ನಮ್ಮನ್ನು ಓವರ್‌ಟೇಕ್ ಮಾಡಿದರೂ ಸುಮ್ಮನಿದ್ದೆ. ದಡದ ಹಸುಗಳು ತಲೆಯೆತ್ತಿ ನೋಡಿ, ನಮ್ಮಲ್ಲಿ ವಿಶೇಷವೇನೂ ಕಾಣದೆ ಮತ್ತೆ ಮೇಯುತ್ತಿದ್ದವು. ಒಳಗೆ ಉಷಕ್ಕ ಬಿಸಿಬೇಳೆಭಾತನ್ನು ಎರಡನೇ ಸಲ ಬಿಸಿ ಮಾಡುತ್ತಿದ್ದರು. ಚುಕ್ಕಾಣಿ ಸುಮಾಳ ಕೈಯಲ್ಲಿತ್ತು. ಮೊದಲು ನನಗೇ ಕೊಟ್ಟಿದ್ದರು. ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುವ ಆ ಕೋಲು ನನ್ನ ಕೈಗೆ ಬಂದ ಐದೇ ನಿಮಿಷದಲ್ಲಿ ನಾವೆಲ್ಲ ಮುಳ್ಳುಪೊದೆಯೊಳಗಿದ್ದೆವು. ಅಧಿಕಾರ ಕೈ ಬದಲಾಯಿಸಿತು.

ಕಾಲುವೆ ತಗ್ಗಿಗೆ ಇಳಿಯಬೇಕಾದ ಕಡೆ ಲಾಕ್ ಎಂಬ ಕಲ್ಲಿನ ತೊಟ್ಟಿ ಇರುತ್ತದೆ. ತುಂಬಿದ ತೊಟ್ಟಿಯೊಳಗೆ ದೋಣಿ ಬಿಟ್ಟು, ಹಿಂದಿನ ಗೇಟು ಮುಚ್ಚಿ, ಮುಂದಿನ ಗೇಟಿನ ಕಿಂಡಿ ತೆಗೆದರೆ ನೀರು ಇಳಿಯುತ್ತದೆ, ದೋಣಿಯೂ ಲಿಫ್ಟಿನ ಹಾಗೆ ಇಳಿಯುತ್ತದೆ. ದಡದಲ್ಲಿ ನಿಂತವನು ದೋಣಿಯ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ, ಕೈಯಲ್ಲೇ ಹಿಡಿದು, ನೀರು ಇಳಿದಂತೆಲ್ಲ ಸಡಿಲ ಬಿಡಬೇಕು. "ಹಿಡಿಯಬೇಕು, ಕಟ್ಟಬಾರದು" ಎಂದು ದೋಣಿಯ ಮಾಲೀಕ ಬೆಳಿಗ್ಗೆ ಎರಡು ಸಲ ಹೇಳಿದ್ದ. ಎರಡು ಸಲವೂ ನಾನು ತಲೆಯಾಡಿಸಿದ್ದೆ. ಆದರೆ ಕೈಯಲ್ಲಿ ಹಗ್ಗ, ಎದುರಿಗೆ ಗೂಟ. ಹಿಡಿದುಕೊಂಡೇ ನಿಂತರೆ ಫೋಟೋ ತೆಗೆಯುವುದು ಯಾವಾಗ? ಕಟ್ಟಿದೆ. ನಮ್ಮ ಇರ್ವಿಂಗಿನ ಗಂಟನ್ನೇ ಹಾಕಿ ಕಟ್ಟಿದೆ. ಆಚೆ ತುದಿಯಲ್ಲಿ ಶ್ರೀಧರ್ ಕಬ್ಬಿಣದ ಹಿಡಿಕೆ ತಿರುಗಿಸಿ ಕಿಂಡಿ ತೆಗೆದರು. ನಾನು ಕ್ಯಾಮೆರಾ ತೆಗೆದೆ.

ಕ್ಯಾಮೆರಾದೊಳಗೆ ಸುಮಾ ಓರೆಯಾಗಿ ಕಂಡಳು. ನನ್ನ ಕೈ ವಾಲಿರಬೇಕೆಂದು ಕ್ಯಾಮೆರಾ ಸರಿ ಮಾಡಿಕೊಂಡೆ. ಆಗ ಲಾಕ್ ಓರೆಯಾಯಿತು. ಕ್ಯಾಮೆರಾದಿಂದ ಕಣ್ಣು ತೆಗೆದು ನೋಡಿದರೆ, ನೀರು ಇಳಿಯುತ್ತಲೇ ಇದೆ, ದೋಣಿಯ ಒಂದು ಮಗ್ಗುಲು ಮಾತ್ರ ನನ್ನ ಹಗ್ಗಕ್ಕೆ ನೇತುಬಿದ್ದಿದೆ. ಹಗ್ಗ ಕಿರ್ ಎನ್ನುತ್ತಿತ್ತು. ಒಳಗೆ ತಟ್ಟೆಗಳೆಲ್ಲ ಒಟ್ಟಿಗೆ ಜಾರಿ ಬಿದ್ದ ಸದ್ದು. "ಸುಮೀ, ಏನೇ ಮಾಡ್ತಿದ್ದೀಯಾ? ಪಾತ್ರೆ ಹೋಯ್ತಲ್ಲೇ!" ಎಂದು ಉಷಕ್ಕನ ಕೂಗು. ಸುಮಾ ಎರಡೂ ಕೈಯಲ್ಲಿ ಚಾವಣಿಯ ಕಂಬಿ ಹಿಡಿದಿದ್ದಳು. ಕಾಲ ಬಳಿ ನೀರು ಹಲಗೆಯ ಅಂಚಿಗೆ ಬಂದಿತ್ತು. ಅವಳಿಗೆ ಈಜು ಬರುವುದಿಲ್ಲ. "ಬಿಚ್ರೀ! ಹಗ್ಗ ಬಿಚ್ರೀ!" ಎಂದಳು. ಗೂಟದ ಹತ್ತಿರ ಓಡಿದೆ. ಗಂಟು ಕಲ್ಲಾಗಿತ್ತು. ಉಗುರು ಹಾಕಿದೆ, ಹಲ್ಲು ಹಾಕಿದೆ.

ಆ ಹೊತ್ತಿಗೆ ನಾಯಿ ಹಿಡಿದು ಅಡ್ಡಾಡುತ್ತಿದ್ದ ಒಬ್ಬ ಮುದುಕಿ, ನನ್ನತ್ತ ನೋಡದೆಯೇ, ಶ್ರೀಧರ್ ಕಡೆಗೆ ಕೋಲು ಬೀಸಿ ಕಿಂಡಿ ಮುಚ್ಚುವಂತೆ ಗದರಿದಳು. ಅವರು ಮುಚ್ಚಿದರು. ನೀರು ನಿಂತಿತು. ಆಕೆಯೇ ಹಿಡಿಕೆ ಇಸಿದುಕೊಂಡು ಹೋಗಿ ಹಿಂದಿನ ಗೇಟಿನ ಕಿಂಡಿ ಸ್ವಲ್ಪ ಸ್ವಲ್ಪವೇ ತೆಗೆದಳು. ತೊಟ್ಟಿ ತುಂಬಿತು, ದೋಣಿ ಮಗ್ಗುಲು ಬದಲಿಸಿ ನೆಟ್ಟಗೆ ಕೂತಿತು. ಎಲ್ಲ ಸೇರಿ ಮೂರು ನಾಲ್ಕು ನಿಮಿಷ ಇರಬಹುದು. ಗಂಟನ್ನು ಉಷಕ್ಕ ಬ್ರೆಡ್ ಕೊಯ್ಯುವ ಚಾಕುವಿನಿಂದ ಕತ್ತರಿಸಿದರು. ಸಂಜೆ ಮಾಲೀಕ ಮೋಟು ಹಗ್ಗವನ್ನು ನೋಡಿದ, ನನ್ನನ್ನು ನೋಡಿದ, "ಹವಾ ಚೆನ್ನಾಗಿತ್ತಲ್ಲ" ಎಂದ.

ಇರ್ವಿಂಗಿಗೆ ಮರಳಿ ತಿಂಗಳುಗಳಾದವು. ನನ್ನ ಕಾಲು ಮಾತ್ರ ಇನ್ನೂ ಆ ದಡದಲ್ಲೇ ಇದೆ. ಹ್ಯೂಸ್ಟನ್ ದಾರಿಯ ಸಪಾಟು ನೆಲದಲ್ಲಿ ಕಾರು ಓಡಿಸುವಾಗ ಇದ್ದಕ್ಕಿದ್ದಂತೆ ಎಲ್ಲವೂ ಒಂದು ಮಗ್ಗುಲಿಗೆ ವಾಲುತ್ತದೆ, ಹಲಗೆಯ ಅಂಚಿಗೆ ನೀರು ಬರುತ್ತದೆ, ನಾನು ಸ್ಟಿಯರಿಂಗ್ ಬಿಗಿ ಹಿಡಿಯುತ್ತೇನೆ. ಮೊನ್ನೆ ಹಾಗಾದಾಗ ಪಕ್ಕದಲ್ಲಿದ್ದ ಸುಮಾ ಕೇಳಿದಳು, "ಮತ್ತೆ ಅದೇನಾ?"

"ನಿನಗೇನೂ ಅನ್ಸಲ್ವಾ?"

"ಅನ್ಸುತ್ತೆ. ಆದ್ರೆ ನನಗೆ ನೆನಪಾಗೋದು ನೀರಲ್ಲ. ನಾನು ಬಿಚ್ರೀ ಅಂದಾಗ ನೀವು ಏನಂದ್ರಿ, ಗೊತ್ತಾ?"

"ಹೆದರ್ಬೇಡ ಅಂದಿರ್ತೀನಿ."

"ಇಲ್ಲಪ್ಪಾ. 'ಅದು ಬಿಚ್ಚಲ್ಲ ಕಣೇ, ನಾನು ಕಟ್ಟಿರೋದು' ಅಂದ್ರಿ. ಸ್ವಲ್ಪ ಜಂಬದಲ್ಲೇ ಅಂದ್ರಿ."

ಪ್ರಾಣ ಬಾಯಿಗೆ ಬಂದಿದ್ದ ಮನುಷ್ಯನಿಗೆ ಎಲ್ಲಿಯ ಜಂಬ ಎಂದು ಆಗ ಜೋರಾಗಿಯೇ ವಾದಿಸಿದೆ. ಅಂದಿನಿಂದ ಆ ದೃಶ್ಯವನ್ನು ಮತ್ತೆ ಮತ್ತೆ ಮೊದಲಿನಿಂದ ಓಡಿಸಿ, ನನ್ನ ದನಿಯನ್ನೇ ಕಿವಿಗೊಟ್ಟು ಕೇಳುತ್ತಿದ್ದೇನೆ. ನಿಮ್ಮ ಹತ್ತಿರ ಸುಳ್ಳೇಕೆ? ಇತ್ತು.