ಎಣ್ಣೆಡಬ್ಬಿಯ ಅಳಿಯ

ನನ್ನ ಷಡ್ಡಕರು ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಮನೆಯ ಯಜಮಾನನನ್ನಲ್ಲ, ಕಸದ ಬುಟ್ಟಿಯನ್ನು! ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಮನಗೂಳಿಯಲ್ಲಿ ಮನೆ, ಬಸವನ ಬಾಗೇವಾಡಿಯಲ್ಲಿ ಗುಮಾಸ್ತಿಕೆ, ಹಿತ್ತಲ ತುಂಬ ಜವಾರಿ ಕೋಳಿ. ಇಷ್ಟೇ ಆಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಸಿಂದಗಿಯಲ್ಲಿರುವ ನಮ್ಮ ಅತ್ತೆಯ ಬಾಯಲ್ಲಿ ಅಳಿಯ ಎಂದರೆ ಇವರೊಬ್ಬರೇ. ಇಂಡಿಯಲ್ಲಿ ಅರಿವೆ ಅಂಗಡಿ ಇಟ್ಟುಕೊಂಡಿರುವ ನಾನು ‘ಸಣ್ಣಾಕಿ ಗಂಡ’! ಹೊಟ್ಟೆಕಿಚ್ಚು ಅಂತೀರಾ? ಅನ್ನಿ. ನಾನು ಅಲ್ಲ ಎಂದು ವಾದಿಸಲು ಬಂದಿಲ್ಲ.

ಈ ಮಹಾನುಭಾವರು ಕೋಳಿಗೆಂದು ಪೇಟೆಯಿಂದ ಒಂದು ಬಟ್ಟಲನ್ನೂ ಕೊಂಡವರಲ್ಲ. ಬೇರೆಯವರು ಎಸೆದದ್ದೆಲ್ಲ ಅವರ ಕಣ್ಣಿಗೆ ಕೋಳಿಯ ಪಾತ್ರೆ. ಝಳಕಿಯಲ್ಲಿ ನಮ್ಮ ಸಂಬಂಧಿಕರ ಮದುವೆಯಿತ್ತು. ಎಲ್ಲರೂ ಅಕ್ಷತೆ ಹಿಡಿದು ಮದುಮಕ್ಕಳನ್ನು ನೋಡುತ್ತಿದ್ದರೆ, ಇವರು ಅಡುಗೆಯವರ ಹಿಂದೆ ನಿಂತು ಎಣ್ಣೆಡಬ್ಬಿ ಖಾಲಿಯಾಗುವುದನ್ನು ಕಾಯುತ್ತಿದ್ದರು!

“ಇನ್ನೂ ಎಷ್ಟ ಉಳದೈತ್ರಿ ಎಣ್ಣಿ?”

“ಯಾಕ್ರಿ ಸಾಹೇಬ್ರ, ಭಜಿ ಬೇಕಾಗಿದ್ವೇನ್ರಿ?”

“ಭಜಿ ನೀವ ತಿನ್ರಿ. ನನಗ ಡಬ್ಬಿ ಕೊಡ್ರಿ.”

ಬರುವಾಗ ಆ ಡಬ್ಬಿಗಳು ನನ್ನ ಕಾರಿನಲ್ಲೇ ಬಂದವು. ಹಿಂದಿನ ಸೀಟಿನಲ್ಲಿ ಡಬ್ಬಿಗಳು ಆರಾಮವಾಗಿ ಕೂತಿದ್ದವು. ನನ್ನ ಹೆಂಡತಿ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅವಳ ಹೊಸ ಸೀರೆಗೆ ಎಣ್ಣೆ ಹತ್ತಿತು. ನಾನು ಸಿಡಿಮಿಡಿಗೊಂಡರೆ ಅವಳೇ, “ಇರ್ಲಿ ಬಿಡ್ರಿ, ಮಾವಾರು ಅಷ್ಟ ಹಚಗೊಂಡು ಮಾಡ್ತಾರ” ಎನ್ನಬೇಕೆ! ನಮ್ಮಂಗಡಿಯ ಸೀರೆ, ನನ್ನ ಕಾರು, ಮೆಚ್ಚುಗೆ ಮಾತ್ರ ಅವರಿಗೆ.

ಆ ಡಬ್ಬಿಯಿಂದ ಅವರು ಮಾಡುವುದು ಏನು ದೊಡ್ಡ ವಿದ್ಯೆ? ಡಬ್ಬಿಯನ್ನು ಚೆನ್ನಾಗಿ ತೊಳೆದು, ಬುಡದಿಂದ ಒಂದು ಬೆರಳು ಮೇಲೆ ತೂತು ಕೊರೆಯುತ್ತಾರೆ. ತೂತಿಗೆ ಬೆರಳು ಒತ್ತಿ ನೀರು ತುಂಬಿ, ಮುಚ್ಚಳ ಬಿಗಿದು, ತೂತಿಗಿಂತ ಎತ್ತರದ ಅಂಚಿರುವ ಅಗಲ ತಟ್ಟೆ, ಪರಾತದಲ್ಲಿ ಇಡುತ್ತಾರೆ. ನೀರು ತೂತಿನ ಮಟ್ಟಕ್ಕೆ ಬಂದು ತಾನೇ ನಿಲ್ಲುತ್ತದೆ. ಕೋಳಿ ಕುಡಿದಂತೆಲ್ಲ ಮತ್ತೆ ಇಳಿಯುತ್ತದೆ. ಯಾರದೋ ಮನೆ ಕಟ್ಟುವಾಗ ಉಳಿದ ಪೈಪನ್ನು ಗೋಡೆಗೆ ನಿಲ್ಲಿಸಿ, ಕೆಳಗೆ ಮೊಣಕೈಯಂತೆ ಬಾಗಿದ ತುಂಡು ಸಿಕ್ಕಿಸಿದರೆ ಊಟದ ವ್ಯವಸ್ಥೆಯೂ ಆಯಿತು. ಮೇಲಿನಿಂದ ಜೋಳದ ನುಚ್ಚು ಸುರಿದರೆ ಕೆಳಗೆ ಕೋಳಿಗಳ ಪಂಕ್ತಿ!

ಆ ಪಂಕ್ತಿಯ ಉಪಚಾರವನ್ನು ನೀವು ಕೇಳಬೇಕು. “ಬರ್ರಿ, ಬರ್ರಿ, ಗದ್ದಲ ಮಾಡಬ್ಯಾಡ್ರಿ. ಎಲ್ಲಾರಿಗೂ ಐತಿ, ಸಾವಕಾಶ ಉಣ್ರಿ.” ಪಕ್ಕದಲ್ಲೇ ನಿಂತಿರುವ ನನಗೆ? “ಏ ತಮ್ಮಾ, ಸರಿ ಆಕಡೆ, ಅವ್ರಿಗೆ ದಾರಿ ಬಿಡು!” ಕೋಳಿಗಳಿಗೆ ಬಹುವಚನ, ನನಗೆ ಏಕವಚನ!

ಹೋದ ದೀಪಾವಳಿಗೆ ಅತ್ತೆಗೆಂದು ಒಳ್ಳೆಯ ಇಳಕಲ್ ಸೀರೆ ಆರಿಸಿಕೊಂಡು ಸಿಂದಗಿಗೆ ಹೋದೆ. ಅತ್ತೆ ಸೀರೆಯ ಸೆರಗನ್ನೂ ಬಿಚ್ಚಿ ನೋಡಲಿಲ್ಲ. ಟ್ರಂಕಿನಲ್ಲಿಟ್ಟು ನನ್ನ ಕೈ ಹಿಡಿದು ಹಿತ್ತಲಿಗೆ ಎಳೆದೊಯ್ದರು. ಅಲ್ಲೂ ಒಂದು ಎಣ್ಣೆಡಬ್ಬಿ!

“ಮನಗೂಳಿ ಅಳಿಯಾರು ಮಾಡಿಕೊಟ್ಟಾರ ನೋಡ್ರಿ. ಎರಡು ದಿನ ಊರಿಗೆ ಹೋದ್ರೂ ಕೋಳಿ ಚಿಂತಿಲ್ಲ.”

“ಸೀರಿ ಹೆಂಗೈತ್ರಿ ಅತ್ತಿ?”

“ಸೀರಿಗೇನ್ರಿ, ಸೀರಿ ಇದ್ದಂಗ ಐತಿ. ಈ ತೂತು ನೋಡ್ರಿ ತೂತು, ಎಷ್ಟ ಚಂದ ಕೊರದಾರ!”

ಆ ತೂತು ನನ್ನ ಎದೆಯಲ್ಲೇ ಕೊರೆದಂತಾಯಿತು. ಊರಿಗೆ ಬಂದವನೇ ನಾನೂ ಒಂದಷ್ಟು ಕೋಳಿ ತಂದೆ. ಡಬ್ಬಿ ತಂದೆ. ಷಡ್ಡಕರನ್ನು ಕೇಳುವುದೇ? ಸತ್ತರೂ ಇಲ್ಲ! ತೂತು ದೊಡ್ಡದಿದ್ದರೆ ಕೋಳಿಗೆ ಅನುಕೂಲವೆಂದು ಉದಾರವಾಗಿ ಕೊರೆದೆ. ಸ್ವಲ್ಪ ಮೇಲೂ ಕೊರೆದೆ. ಪರಾತದ ಅಂಚಿಗಿಂತ ತೂತು ಮೇಲಿದ್ದರೆ ನೀರಿಗೆ ನಿಲ್ಲುವ ಹುಕುಂ ಯಾರು ಕೊಡಬೇಕು? ಡಬ್ಬಿಯ ನೀರೆಲ್ಲ ಪರಾತ ತುಂಬಿ ಹಿತ್ತಲಿಗೆ ಹರಿಯಿತು. ಕೆಸರಿನಲ್ಲಿ ನಿಂತ ಕೋಳಿಗಳು ಒಂದೊಂದೇ ಕಾಲು ಎತ್ತಿ ನನ್ನನ್ನು ನೋಡಿದವು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

“ಕೋಳಿಗೆ ಈಜಾಕ ಕಲಸಾಕತ್ತೀರೇನ್ರಿ?”

ಅಷ್ಟಕ್ಕೇ ಬಿಟ್ಟಿದ್ದರೆ ಪುಣ್ಯ ಬರುತ್ತಿತ್ತು. ಮನಗೂಳಿಗೆ ಫೋನ್ ಮಾಡಿ ನಗುತ್ತ ಎಲ್ಲ ಹೇಳಿಬಿಟ್ಟಳು. ಮರುದಿನ ರವಿವಾರ, ಷಡ್ಡಕರು ಚೀಲ ಹಿಡಿದು ಹಾಜರು! ಅವರಾದರೂ ನಕ್ಕರೇ? ಅದೂ ಇಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. “ಎಲ್ಲಾರೂ ಮೊದಲ ಹಿಂಗ ಮಾಡ್ತಾರ ತಮ್ಮಾ” ಎಂದು ಸುಮ್ಮನೆ ಇನ್ನೊಂದು ಡಬ್ಬಿಗೆ ತೂತು ಹಾಕಿ ಇಟ್ಟರು. ನನ್ನ ಕೋಳಿಗಳು, ನಾನು ತಂದು ಸಾಕಿದ ಕೋಳಿಗಳು, ಅವರ ಕಾಲ ಸುತ್ತಲೇ ಸುತ್ತಿದವು.

ಚಹಾ ಕುಡಿಯಲು ಒಳಗೆ ಬಂದವರು, ಹಾಸಿಗೆ ಹಿಡಿದಿರುವ ನಮ್ಮ ಅವ್ವನ ಮಂಚದ ಹತ್ತಿರ ಕೂತರು. ಅವ್ವನಿಗೆ ಈಚೆಗೆ ಕೈ ನಡುಕ. ನನ್ನ ಹೆಂಡತಿ ನೀರು ಕೊಡಹೋದರೆ ಅವ್ವ, “ಒಲ್ಲೆ, ನೀರಡಿಕಿಲ್ಲ” ಎಂದಳು. ಎಂದಿನ ಮಾತೇ, ನಾವು ಗಮನಿಸಲಿಲ್ಲ. ಷಡ್ಡಕರು ಮಾತ್ರ ಅವ್ವನ ಒಣಗಿದ ತುಟಿಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ಚಹಾ ಮುಗಿಸಿ ಎದ್ದು ಹೋದರು.

ಮುಂದಿನ ರವಿವಾರ ಮತ್ತೆ ಬಂದರು. ಚೀಲದಿಂದ ಮುಚ್ಚಳವಿದ್ದ ಹೊಸ ಸ್ಟೀಲ್ ಡಬ್ಬಿ ತೆಗೆದರು. ಮುಚ್ಚಳದ ತೂತಿನಿಂದ ಒಂದು ಮೆತ್ತನೆಯ ಸಣ್ಣ ನಳಿಕೆ ಹೊರಬಂದಿತ್ತು. ಡಬ್ಬಿಯನ್ನು ಮಂಚದ ಪಕ್ಕದ ಸ್ಟೂಲಿಗೆ ಅಲುಗದಂತೆ ಕಟ್ಟಿ, ನಳಿಕೆಯ ತುದಿ ಅವ್ವನ ಬಾಯಿಗೆ ಸರಿಯಾಗಿ ಬರುವಂತೆ ಮಂಚಕ್ಕೆ ಸಿಕ್ಕಿಸಿದರು.

ನನಗೆ ತಡೆಯಲಾಗಲಿಲ್ಲ. “ನಮ್ಮವ್ವ ಏನ್ ಕೋಳಿ ಅಂತ ತಿಳದೀರೇನ್ರಿ?”

ಅವ್ವ ಮುಖ ಹೊರಳಿಸಿ ನಳಿಕೆಯನ್ನು ತುಟಿಗೆ ತೆಗೆದುಕೊಂಡಳು. ಕುಡಿದಳು. ಉಸಿರು ಬಿಟ್ಟು ಮತ್ತೆ ಕುಡಿದಳು. ನೀರಡಿಕೆ ಇಲ್ಲ ಎನ್ನುತ್ತಿದ್ದ ಅವ್ವ ಅಷ್ಟು ಹೊತ್ತು ಕುಡಿಯುವುದನ್ನು ನಾವು ಸುತ್ತ ನಿಂತು ನೋಡಿದೆವು.

“ಕೋಳಿ ಅಂದ್ರ ಅನ್ಲಿ ಬಿಡು,” ಎಂದಳು ಕೊನೆಗೆ. “ಹಾಸಿಗಿ ಮ್ಯಾಲ ಚೆಲ್ಲಿದ್ರ ಪಾಪ ಸೊಸಿ ಒಗೀಬೇಕಲ್ಲ ಅಂತ ತಡಕೊಂಡ ಇರ್ತಿದ್ದೆ. ಇವತ್ತ ಹೊಟ್ಟಿ ತುಂಬ ಕುಡದೆ.”

ಅವಳು ನಡುಗುವ ಕೈಯನ್ನು ಮೆಲ್ಲಗೆ ಎತ್ತಿದಳು. ಷಡ್ಡಕರು ನೆಲದ ಮೇಲೆ ಕೂತು ತಲೆ ಬಾಗಿಸಿದರು. ಕೈ ಅವರ ಕೂದಲಲ್ಲಿ ನಡುಗುತ್ತ ನಿಂತಿತು. “ಯಪ್ಪಾ, ತಣ್ಣಗ ಇರು” ಎಂದಳು.

ನನ್ನ ಹೊಟ್ಟೆ ಉರಿಯಿತು. ಅಷ್ಟು ಯಾವತ್ತೂ ಉರಿದಿರಲಿಲ್ಲ. ಹೋಗಿ ಷಡ್ಡಕರ ಪಕ್ಕದಲ್ಲೇ, ಅವರಿಗೆ ಒತ್ತಿಕೊಂಡು ನೆಲಕ್ಕೆ ಕೂತೆ. ಅವರು ಸ್ವಲ್ಪ ಸರಿದು, ಅವ್ವನ ಕೈ ಎಟುಕುವ ಜಾಗವನ್ನು ನನಗೆ ಬಿಟ್ಟುಕೊಟ್ಟರು.