ಬೊಂಬೆ ಆಟಕ್ಕೆ ನಾನು ಕೊಟ್ಟ ತೀರ್ಪು

ಕೆಲವರ ಮನೆಗೆ ನೆಂಟರು ಹುಡುಕಿಕೊಂಡು ಬರ್ತಾರೆ. ನನ್ನ ಮನೆಗೆ ಫಜೀತಿಗಳೇ ದಾರಿ ಕೇಳಿಕೊಂಡು ಬರ್ತವೆ. ನಾನೇನೂ ಕರೆಯೋದಿಲ್ಲ. ಜಗಲಿ ಮೇಲೆ ಕೂತು ಸುಮ್ಮನೆ ಒಂದು ಮಾತು ಆಡಿರ್ತೀನಿ, ಅಷ್ಟೇ. ಆ ಮಾತು ಊರೆಲ್ಲ ಸುತ್ತಿ ಬಂದು ನನ್ನ ಕೊರಳಿಗೇ ಬೀಳುತ್ತೆ. ನಾನು ಇಸ್ಕೂಲು ಕಂಡವನಲ್ಲ, ಆನೆ ಕಂಡವನು. ವಯಸ್ಸಿನಲ್ಲಿ ಗೋಪಿನಾಥಂ ಕಡೆ ಕಾಡಿನ ದೊಡ್ಡಿಯಲ್ಲಿ ದನ ಮೇಯಿಸಿಕೊಂಡಿದ್ದೆ. ಒಂದು ಸಲ ಒಂಟಿ ಸಲಗ ನನ್ನ ಮುಖ ನೋಡಿ ದಾರಿ ಬಿಟ್ಟಿದ್ದಷ್ಟೇ ಅಲ್ಲ, ಸೊಂಡಿಲಲ್ಲಿ ಮುಳ್ಳನ್ನೂ ಸರಿಸಿಕೊಟ್ಟಿತ್ತು. ಯಾರೂ ನಂಬೋದಿಲ್ಲ. ಆ ಆನೆ ಈಗ ಇದ್ದಿದ್ದರೆ ಕೇಳಬಹುದಿತ್ತು. ಅಂಥವನ ಎದೆಯಲ್ಲಿ ಒಂದು ಬೊಂಬೆ ಆಟ ಅವಲಕ್ಕಿ ಕುಟ್ಟಿದ ಸಮಾಚಾರ ಇದು.

೧. ನ್ಯಾಯ ಹೇಳೋನು

ನಮ್ಮದು ಬಂಡಳ್ಳಿ. ಮಗ ಟ್ರಾಕ್ಟರ್ ಹತ್ತಿದರೆ ಇಳಿಯೋದು ಹೊತ್ತು ಮುಳುಗಿದ ಮೇಲೆ. ಸೊಸೆ ಹಾಲಿನ ಡೈರಿಯಲ್ಲಿ ಹಾಲು ಅಳೀತಾಳೆ. ಕ್ಯಾನಿನ ಮುಚ್ಚಳ ತೆಗೆಯೋ ಮೊದಲೇ ಯಾರು ನೀರು ಬೆರೆಸಿದ್ದಾರೆ ಅಂತ ಅವರ ಮುಖ ನೋಡಿ ಹೇಳೋಳು. ಅಂಥವಳು ಯಾರ ಮಾತನ್ನೂ ಸುಮ್ಮನೆ ನಂಬೋದಿಲ್ಲ.

ಮೊಮ್ಮಗಳು ನಾಲ್ಕನೇ ಕ್ಲಾಸು. ಪಾಠಕ್ಕೆ ಅಂತ ಅವಳಿಗೆ ಕೊಳ್ಳೇಗಾಲದಿಂದ ಒಂದು ಟ್ಯಾಬು ತಂದರು. ಪಾಠದ ಹಿಂದೆಯೇ ಒಂದು ಆಟವೂ ಬಂದು ಅದರಲ್ಲಿ ಕೂತುಕೊಳ್ತು. ಕುಂಬಳಕಾಯಿಯಂಥ ತಲೆ, ಕಡ್ಡಿಯಂಥ ಕಾಲು, ಕಾಲಿಗೆ ಕೆಂಪು ಬೂಟು, ಇಂಥ ಒಬ್ಬ ಬೊಂಬೆ ಹುಡುಗ. ಇವಳು ಅವನಿಗೆ ಗುಂಡ ಅಂತ ಹೆಸರಿಟ್ಟಿದ್ದಳು. ಕಾಡಲ್ಲಿ ಚದುರಿಹೋದ ಕುರಿಮರಿಗಳನ್ನ ಹುಡುಕಿ ದೊಡ್ಡಿಗೆ ಸೇರಿಸೋದು ಗುಂಡನ ಕೆಲಸ. ನೋಡೋಕೆ ಕ್ಯಾಲೆಂಡರ್ ಚಿತ್ರದ ಹಾಗೆ ಮುದ್ದಾಗಿದೆ. ಆದರೆ ಒಳಕ್ಕೆ ಹೋದ ಹಾಗೆಲ್ಲ ಹುಲಿ, ಬಾವಲಿ, ಕತ್ತಲ ಗವಿ.

ಸೊಸೆಗೆ ಯೋಚನೆ ಹತ್ತಿತು. ಟ್ಯಾಬು ಕೊಟ್ಟ ಅಂಗಡಿಯವನನ್ನ ಕೇಳಿದರೆ, ಬೊಂಬೆ ತಾನೇ ಅಕ್ಕಾ, ಮಕ್ಕಳದೇ ಅಂದನಂತೆ. ಹನೂರಲ್ಲಿ ಒಬ್ಬರು ಮೇಡಂ ಸಿಕ್ಕಿ, ಚಿತ್ರ ಬೊಂಬೆ ಥರ ಇದ್ದ ಮಾತ್ರಕ್ಕೆ ಆಟ ಮಕ್ಕಳದಾಗಲ್ಲ, ದೊಡ್ಡವರು ಪಕ್ಕದಲ್ಲಿ ಕೂತು ನೋಡಬೇಕು ಅಂದರಂತೆ. ಮನೆಯಲ್ಲಿ ಖಾಲಿ ಇದ್ದ ದೊಡ್ಡವನು ಅಂದರೆ ನಾನೊಬ್ಬನೇ.

"ಮಾವ, ಕೂಸಿನ ಜೊತೆ ಕೂತು ನೋಡಿ, ಭಾನುವಾರ ಹೇಳಿ. ಎದರ್ಸೋ ಅಂಥದ್ದೇನಾರ ಇದ್ರೆ ಅವತ್ತೇ ತಗ್ದಾಕ್ಬುಡ್ತೀನಿ" ಅಂದಳು.

ಮೊಮ್ಮಗಳು ನನ್ನನ್ನ ಕೊಟ್ಟಿಗೆ ಹಿಂದಕ್ಕೆ ಎಳಕೊಂಡು ಹೋದಳು. ದೀಪಾವಳಿಯಿಂದ ಒಂದೊಂದೇ ಮರಿ ಕೂಡಿಸ್ತಾ ಬಂದಿದ್ದಾಳೆ, ಆಟ ತೆಗೆದರೆ ಅಷ್ಟೂ ಹೋಗುತ್ತವೆ, ಕೊನೆ ದೊಡ್ಡಿಯೊಂದೇ ಬಾಕಿ. ಕಣ್ಣಲ್ಲಿ ನೀರು ತುಂಬಿತ್ತು.

"ತಾತ, ನೀನು ಎದರಂಗಿಲ್ಲ. ನೀನು ಎದರುದ್ರೆ ಅಮ್ಮ ತಗ್ದಾಕ್ತಳೆ."

"ನಾನಾ? ಎದರೋದಾ?" ಅಂದೆ. ಬೀದಿಗೂ ಕೇಳಲಿ ಅಂತ ಇನ್ನೊಂದು ಸಲ ಅಂದೆ.

ಗುಂಡ ಕೊನೇ ದೊಡ್ಡಿ ದಾರಿಯ ಮೊದಲನೇ ಹಳ್ಳಕ್ಕೆ ಇಳಿದ. ಮೊಮ್ಮಗಳು ಮೆಲ್ಲಗೆ ಅಂದಳು, "ತಾತ, ನನ್ ಕೈ ಬುಡು. ಆಡಕಾಯ್ತಿಲ್ಲ."

೨. ಮಾದಪ್ಪನ ಹುಲಿ

ಎರಡನೇ ದಿನ ಸೇತುವೆ ಮೇಲೆ ಒಂದು ಹುಲಿ ಅಡ್ಡ ಮಲಗಿತ್ತು. ದುಂಡು ಮುಖ, ಉದ್ದ ಮೀಸೆ, ಬೊಂಬೆ ಹುಲಿಯೇ. ಇವಳು ಗುಂಡನ ಕೈಗೆ ದೊಣ್ಣೆ ಕೊಟ್ಟು ಬೀಸೋಕೆ ಹೊರಟಳು. ನನ್ನ ಜೀವ ಬಾಯಿಗೆ ಬಂತು. ನಾವು ಬೆಟ್ಟದ ಮಾದಪ್ಪನ ಒಕ್ಕಲು. ಹುಲಿ ಅಂದರೆ ಸ್ವಾಮಿಯ ವಾಹನ. ಅದಕ್ಕೆ ದೊಣ್ಣೆ ಎತ್ತಿದ ಮೇಲೆ ಬರೋ ಅಮಾವಾಸ್ಯೆಗೆ ಯಾವ ಮುಖ ಹೊತ್ತುಕೊಂಡು ಬೆಟ್ಟ ಹತ್ತೋದು?

"ಬುಡು ಕೂಸೇ. ಕೈ ಮುಗಿಸು ಅವನ ಕೈಲಿ" ಅಂದೆ.

ಆ ಆಟದಲ್ಲಿ ಕೈ ಮುಗಿಸೋ ಗುಂಡಿ ಇಲ್ಲವಂತೆ. ತಲೆ ಬಗ್ಗಿಸೋದು ಇತ್ತು. ಬಗ್ಗಿಸಿದಳು. ಹುಲಿ ಗುಂಡನನ್ನ ತಿಂದುಬಿಡ್ತು. ತಿಂದರೂ ಅವನು ಮತ್ತೆ ಹಳ್ಳದ ದಡದಲ್ಲಿ ಎದ್ದು ನಿಲ್ತಾನೆ, ಆಟದ ಕಟ್ಟಳೆ ಹಾಗೆ. ಆದರೆ ನನಗೆ ಸಮಾಧಾನ ಇಲ್ಲ. ಎಲ್ಲಿ ತಪ್ಪಾಯಿತು ಅಂತ ಕಣ್ಣು ಕಿರಿದು ಮಾಡಿ ನೋಡ್ತೀನಿ, ಕಾಲಲ್ಲಿ ಕೆಂಪು ಬೂಟು. ಬೂಟು ಮೆಟ್ಟಿಕೊಂಡು ಯಾರಾದರೂ ಮಾದಪ್ಪನ ಹುಲಿ ಮುಂದೆ ನಿಲ್ತಾರಾ?

ಬೂಟು ತೆಗೆದರೆ ಮುಳ್ಳು ಚುಚ್ಚಿ ಗುಂಡನ ಶಕ್ತಿ ಇಳಿಯುತ್ತೆ ಅಂತ ಅವಳ ವಾದ. ನಾನು ಬರಿಗಾಲಲ್ಲೇ ಕಾಡೆಲ್ಲ ಸುತ್ತಿದವನು, ನನ್ನ ಅಂಗಾಲಿಗೆ ಚುಚ್ಚೋಕೆ ಬಂದ ಮುಳ್ಳುಗಳೇ ಮೊನೆ ಮುರಿದುಕೊಂಡು ಹೋಗ್ತಿದ್ದವು ಅಂತ ಹೇಳಿ ಒಪ್ಪಿಸಿದೆ. ಬೂಟು ಬಿಚ್ಚಿದಳು. ಗುಂಡ ಕುಂಟಿಕೊಂಡು ಹೋಗಿ ತಲೆ ಬಗ್ಗಿಸಿದ. ಈಚೆ ಕಡೆಯಿಂದ ಅವನ ಪರವಾಗಿ ನಾನೇ ಕೈ ಮುಗಿದೆ.

ಹುಲಿ ಎದ್ದಿತು, ಆಕಳಿಸಿತು, ತಿಂದಿತು.

"ಈಗ ಬರಿಗಾಲಲ್ಲಿ ತಿಂತು ತಾತ" ಅಂದಳು. "ಅಷ್ಟೇಯ."

೩. ಯಳಂದೂರಿನ ಧೈರ್ಯವಂತ

ಕೊನೆಗೆ ಅವಳೇ ಹಳ್ಳದಲ್ಲಿ ಮೀನು ಹಿಡಿದು ಹುಲಿ ಮುಂದಿಟ್ಟು, ಅದು ತಿನ್ನೋವಾಗ ಗುಂಡನನ್ನ ದಾಟಿಸಿದಳು. ಮುಂದೆ ಬಾವಲಿ ಗವಿ. ಅದನ್ನ ನೋಡಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಇದು ಮಕ್ಕಳದು ಅಂದು, ನಾಳೆ ಕೂಸು ಕತ್ತಲಿಗೆ ಬೆಚ್ಚೋ ಹಾಗಾದರೆ? ಮಕ್ಕಳದಲ್ಲ ಅಂದು, ಅವಳ ಮರಿಗಳೆಲ್ಲ ಹೋದರೆ? ಯಾವ ಕಡೆ ವಾಲಿದರೂ ನನಗೇ ಪೆಟ್ಟು.

ಅಷ್ಟರಲ್ಲಿ ಹನೂರಿಗೆ ಬೀಗರೂಟಕ್ಕೆ ಬಂದಿದ್ದ ನನ್ನ ಬಾಮೈದ ಹಾಗೇ ಮನೆಗೆ ಬಂದ. ಯಳಂದೂರಿನವನು. ಅವನು ಬೊಗಳೆ ಬಿಡೋನು, ನನ್ನ ಹಾಗಲ್ಲ. ಬಿಳಿಗಿರಿ ಬೆಟ್ಟದಲ್ಲಿ ಕರಡಿ ಜೊತೆ ಜೇನುತುಪ್ಪ ಹಂಚಿಕೊಂಡು ತಿಂದೆ ಅಂತಾನೆ. ಕರಡಿ ಯಾವತ್ತೂ ಹಂಚೋದಿಲ್ಲ. ನಾನೇ ಕೇಳಿ ನೋಡಿದ್ದೀನಿ.

"ಎಳೇ ಮಕ್ಕಳಾಟ ಕಣ್ ಭಾವ. ಇದ್ಕೆ ಊಟ ಬುಟ್ಟಿದ್ದೀಯಾ?" ಅಂತ ನಕ್ಕು, ತೋರಿಸಿಕೊಡ್ತೀನಿ ಅಂತ ಟ್ಯಾಬು ಕೈಗೆ ತಗೊಂಡ. ಮೊಮ್ಮಗಳು ಬೆರಳು ಎಲ್ಲಿಡಬೇಕು ಅಂತ ಹೇಳಿಕೊಟ್ಟಳು. ಗವಿಯಿಂದ ಬಾವಲಿ ಹಿಂಡು ಹಾರಿತು. ಬಾಮೈದ ಜಗಲಿಯಿಂದ ಇಳಿಬಿಟ್ಟಿದ್ದ ಕಾಲು ಮೇಲಕ್ಕೆ ಎತ್ತಿಕೊಂಡ. ಇನ್ನೊಂದು ಹಿಂಡು ಬಂತು, ಹೆಗಲ ಟವಲ್ಲು ತಲೆ ಮೇಲೆ ಹೋಯಿತು. ಕೊಳ್ಳೇಗಾಲದ ಬಸ್ಸೂ ಹೋಯಿತು. ಅದರ ಹಿಂದಿನದೂ ಹೋಯಿತು. ಕೂಸು ಇಸ್ಕೂಲಿನ ಲೆಕ್ಕವೆಲ್ಲ ಮುಗಿಸಿ ಎದ್ದರೂ ಇವನು ಗವಿ ಬಾಗಿಲಲ್ಲೇ ಇದ್ದ.

ಕೊನೇ ಬಸ್ಸಿಗೆ ನಾನೇ ತಳ್ಳಿಕೊಂಡು ಹೋಗಿ ಹತ್ತಿಸಿದೆ. ಕಿಟಕಿಯಿಂದ ಅಂದ, "ಮಕ್ಕಳಾಟ ಕಣ್ ಭಾವ. ಯೋಚ್ನೆ ಮಾಡ್ಬ್ಯಾಡ." ಬಸ್ಸು ಹೊರಟಿತು. ಮತ್ತೆ ತಲೆ ಆಚೆ ಹಾಕಿದ. "ಆ ಬಾವಲಿ ದಾಟೋದು ಎಂಗೆ ಅಂತ ಕೂಸಿನ ಕೈಲಿ ಫೋನ್ ಮಾಡ್ಸು."

೪. ಹಗಲುಗನಸು

ಶನಿವಾರ ಅರ್ಧ ದಿನದ ಇಸ್ಕೂಲು. ಮೊಮ್ಮಗಳು ಊಟ ಮಾಡಿ ನಡುಮನೆಯಲ್ಲಿ ಮಲಗಿದ್ದವಳು ಕಿಟಾರನೆ ಕಿರುಚಿಕೊಂಡು ಎದ್ದಳು. ಮೈಯೆಲ್ಲ ಬೆವರು. ಸೊಸೆ ಅಡುಗೆಮನೆಯಿಂದ ಓಡಿಬಂದಳು. ಬಂದವಳು ಮೊದಲು ಕೂಸನ್ನ ನೋಡಿದಳು, ಆಮೇಲೆ ಗೂಡಲ್ಲಿದ್ದ ಟ್ಯಾಬನ್ನ, ಆಮೇಲೆ ನನ್ನನ್ನ. ಮುಗಿಯಿತು, ದೀಪಾವಳಿಯಿಂದ ಕೂಡಿಸಿದ ಮರಿಗಳಷ್ಟೂ ನನ್ನ ಕಣ್ಣೆದುರಿಗೇ ಹೋದವು ಅಂದುಕೊಂಡೆ.

ಸೊಸೆ ಟ್ಯಾಬು ಕೈಗೆತ್ತಿಕೊಂಡೇ ಕೇಳಿದಳು, ಏನು ಕಂಡೆ ಮಗ, ಹುಲೀನಾ, ಬಾವಲೀನಾ?

ಕೂಸು ಬಿಕ್ಕಿದಳು. "ಎರಡು ತಲೆ ಹೆಬ್ಬಾವು."

ಆಟದಲ್ಲಿ ಹೆಬ್ಬಾವು ಎಲ್ಲಿದೆ ಅಂತ ಸೊಸೆ ನನ್ನ ಕಡೆ ತಿರುಗಿದಳು. ಆಟದಲ್ಲಿ ಇರಲಿಲ್ಲ. ಬೆಳಗ್ಗೆ ಅವಳಿಗೆ ಜಡೆ ಹಾಕೋವಾಗ ನಾನು ಹೇಳಿದ್ದ ಕತೆಯಲ್ಲಿತ್ತು. ಒಂದು ತಲೆ ನನ್ನನ್ನ ನುಂಗೋಕೆ ಬಂದಾಗ ಇನ್ನೊಂದು ತಲೆ ಬ್ಯಾಡ ಅಂತ ಬುದ್ಧಿ ಹೇಳಿದ್ದು. ನಿಜವಾಗಿ ನಡೆದದ್ದು.

ಸೊಸೆ ಟ್ಯಾಬನ್ನ ಮತ್ತೆ ಗೂಡಿಗೆ ಇಟ್ಟಳು. ಬಹಳ ಮರ್ಯಾದೆಯಿಂದ ಕೇಳಿದಳು, "ಮಾವ, ಈಗ ನಾನು ಯಾವುದ ತಗ್ದಾಕ್ಲಿ?"

೫. ಭಾನುವಾರ

ಸೊಸೆ ಡೈರಿಯಿಂದ ಬಂದ ಮೇಲೆ ನಾನು ತೀರ್ಪು ಹೇಳಬೇಕು. ಬೆಳಗ್ಗೆಯೇ ಬಾವಲಿ ಗವಿ ದಾಟಿಸಿ ಕೂಸು ಕೊನೇ ದೊಡ್ಡಿ ಬಾಗಿಲಿಗೆ ಬಂದಿದ್ದಳು. ಎಣಿಸಿದರೆ ಒಂದು ಮರಿ ಕಮ್ಮಿ. ಹಳ್ಳದ ಆಚೆ ಕಡೆ ಉಳಿದುಬಿಟ್ಟಿತ್ತು.

"ಒಂದು ಓದ್ರೆ ಓಗ್ಲಿ ತಾತ. ಬಾಗ್ಲು ತೆರೀತದೆ" ಅಂದು, ಅಮ್ಮ ಹೇಳಿಹೋದ ಕಡಲೆಕಾಯಿ ಬಿಡಿಸೋಕೆ ಕೂತಳು.

ಓಗ್ಲಿ ಅಂದರೆ ಹೇಗೆ ಹೋಗಲಿ? ದೊಡ್ಡಿಯಲ್ಲಿ ಇದ್ದಷ್ಟು ಕಾಲ ಒಂದು ತಲೆ ಕಮ್ಮಿ ಮಾಡಿಕೊಂಡು ನಾನು ಬಾಗಿಲು ಹಾಕಿದವನಲ್ಲ. ಕಾಡಿನ ಕೆಲಸವೇ ಹಾಗೆ. ಎಣಿಕೆ ತಪ್ಪಿದರೆ ಗಂಜಿ ಇಳಿಯೋದಿಲ್ಲ, ಗಂಟೆ ಸದ್ದು ಹುಡುಕಿಕೊಂಡು ಕೂಗ್ತಾ ಹೋಗಬೇಕು. ಮೊದಲನೇ ಸಲ ಟ್ಯಾಬನ್ನ ನಾನೊಬ್ಬನೇ ಹಿಡಿದೆ. ಹಳ್ಳ ದಾಟಿದೆ. ಮರಿ ಬಂಡೆ ಮೇಲೆ ನಿಂತು ಅರಚ್ತಿದೆ. ಬಂಡೆ ಹಿಂದಿನಿಂದ ಎದ್ದಿತು ನೋಡಿ ಒಂದು ಚಿರತೆ. ನೀಲಿ ಬಣ್ಣ, ತಲೆ ಮೇಲೆ ಟೋಪಿ. ಬಣ್ಣ ನೋಡೋ ಹೊತ್ತಾ ಅದು? ನನಗೆ ಗೊತ್ತಿಲ್ಲದ ಹಾಗೇ ಹಳೇ ಕೂಗು ಗಂಟಲಿಂದ ಬಂದುಬಿಟ್ಟಿತು.

"ಹೋಯ್, ಚಿರತೆ ಬಿತ್ತು, ಚಿರತೆ. ಮರಿ ಇಡೀತು, ಬನ್ರೋ."

ಒಂದು ಕಾಲದಲ್ಲಿ ನಾನು ಗೋಪಿನಾಥಂನಲ್ಲಿ ಕೂಗಿದರೆ ಸತ್ತೇಗಾಲದಲ್ಲಿ ತೆಂಗಿನಕಾಯಿ ಉದುರ್ತಿತ್ತು. ಬೀದಿಯಿಡೀ ಎದ್ದು ಬಂತು. ಒಬ್ಬನ ಕೈಲಿ ಮಚ್ಚು, ಒಬ್ಬಳ ಕೈಲಿ ತಟ್ಟೆ ಸೌಟು, ಇನ್ನೊಬ್ಬ ಆನೆಗೆ ಅಂತ ಇಟ್ಟಿದ್ದ ಪಟಾಕಿಯನ್ನೇ ಹಚ್ಚಿದ. ಹೊಲದ ಕಡೆ ಆನೆ ಓಡಿಸೋಕೆ ಬಂದಿದ್ದ ಅರಣ್ಯ ಇಲಾಖೆ ಜೀಪು ಸದ್ದು ಕೇಳಿ ನಮ್ಮ ಬಾಗಿಲಿಗೇ ಬಂತು. ವಾಚರ್ ಕೋಲು ಹಿಡಿದು ಇಳಿದ.

"ಯಾವ ಕಡೆ ಓಯ್ತು ಯಜಮಾನ್ರೇ?"

"ಎಡಗಡೆ, ಬಂಡೆ ಹಿಂದೆ" ಅಂದು ಟ್ಯಾಬು ತೋರಿಸಿದೆ.

ಎತ್ತಿದ್ದ ಮಚ್ಚು, ಸೌಟು ಎಲ್ಲ ಕೆಳಗಿಳಿದವು. ಭೂಮಿ ಬಾಯಿ ಬಿಡಬಾರದಾ ಅಂದುಕೊಂಡೆ. ಇಷ್ಟು ವರ್ಷ ಕಟ್ಟಿದ ಸಲಗ, ಹೆಬ್ಬಾವು ಎಲ್ಲ ಇವತ್ತಿಗೆ ಮುಗಿಯಿತು. ಸೊಸೆಗೆ ಗೊತ್ತಾದರೆ ಕೂಸಿನ ಆಟವೂ ಮುಗಿಯಿತು. ವಾಚರ್ ಬಗ್ಗಿ ನೋಡಿದ. ಇನ್ನೂ ಬಗ್ಗಿದ. ಟೋಪಿ ತೆಗೆದು ನನ್ನ ಪಕ್ಕ ಜಗಲಿ ಮೇಲೆ ಕೂತ.

"ಆ ಕಡೆಯಿಂದ ಓಗ್ಬ್ಯಾಡಿ" ಅಂದ. "ನೋಡಿ, ಎಲೆ ಈ ಕಡೆಗೆ ಅಲ್ಲಾಡ್ತಾವೆ. ಗಾಳಿಗೆ ನಿಮ್ಮ ವಾಸನೆ ಸಿಕ್ಬುಡ್ತದೆ."

ಅಷ್ಟೇ. ಮಚ್ಚಿನವನು ಮರ ಹತ್ತು ಅಂದ. ಪಟಾಕಿಯವನು ಬ್ಯಾಡ, ಚಿರತೆಯೂ ಹತ್ತುತ್ತೆ ಅಂದ. ಸೌಟಿನವಳು, ಪಾಪದ ಮರಿ, ಮೊದಲು ಅದನ್ನ ಎತ್ಕಳ್ರೋ ಅಂತ ಕಣ್ಣು ಒರೆಸಿಕೊಂಡಳು. ಚಿರತೆ ಒಂದು ಹೆಜ್ಜೆ ಇಟ್ಟರೆ ಎಲ್ಲರೂ ಒಂದು ಗೇಣು ಹಿಂದಕ್ಕೆ ಹೋಗ್ತಿದ್ದರು.

ಡೈರಿಯಿಂದ ಸೊಸೆ ಬಂದಾಗ ನಮ್ಮ ಜಗಲಿ ಕಂಡದ್ದು ಹೀಗೆ: ಮೇಲೆ ಅರ್ಧ ಊರು, ಕೆಳಗೆ ಮೆಟ್ಟಿಲಲ್ಲಿ ಒಬ್ಬಳೇ ಕೂತು ಕಡಲೆಕಾಯಿ ಬಿಡಿಸ್ತಿದ್ದ ಮಗಳು.

ಸೊಸೆ ಕೂಸನ್ನೇ ಕೇಳಿದಳು, "ನೀನೇ ಹೇಳು ಮಗ. ಇದು ಮಕ್ಕಳು ಆಡೋದಾ?"

"ಮಕ್ಕಳಿಗೆ ಎಲ್ಲಿ ಸಿಕ್ತದಮ್ಮ?" ಅಂದಳು ಕೂಸು. ಎದ್ದು ಲಂಗಕ್ಕೆ ಕೈ ಒರೆಸಿಕೊಂಡು, ವಾಚರ್ ತೋಳಿನ ಕೆಳಗೆ ನುಸುಳಿ ಬಂದು, ಒಂದು ಬೆರಳು ಒತ್ತಿದಳು. ಗುಂಡ ಹಾರಿ ಮರಿಯನ್ನ ಬಗಲಿಗೆ ಹಾಕಿಕೊಂಡು ಹಳ್ಳ ದಾಟಿದ. ದೊಡ್ಡಿ ಬಾಗಿಲು ತೆರೆದುಕೊಂಡಿತು. ಅವಳು ಮತ್ತೆ ಹೋಗಿ ಕಡಲೆಕಾಯಿ ಮುಂದೆ ಕೂತಳು.

ಸೊಸೆ ಅದನ್ನ ನೋಡಿದಳು, ವಾಚರ್ ತೋಳನ್ನ ಗಟ್ಟಿಯಾಗಿ ಹಿಡಕೊಂಡಿದ್ದ ನನ್ನ ಕೈಯನ್ನೂ ನೋಡಿದಳು. ತೀರ್ಪು ನಾನು ಕೊಡಬೇಕಾಗಿತ್ತು. ಅವಳೇ ಹೇಳಿದಳು, ಇವತ್ತಿಗೂ ನಮ್ಮ ಮನೆಯಲ್ಲಿ ಅದೇ ಕಾನೂನು.

"ಕೂಸು ಆಡ್ಕಳ್ಳಿ. ಮಾವ ಆಡೋದಾದ್ರೆ ಮಾತ್ರ ಪಕ್ಕದಲ್ಲಿ ಕೂಸು ಕೂತಿರ್ಬೇಕು."