ಅತ್ತೆಯ ಸ್ವರಕ್ಕೆ ಅಳಿಯನ ತಿದ್ದುಪಡಿ

ಮಂಗಳವಾರ ಬೆಳಗ್ಗೆ ಕಾಫಿಯ ಹೊತ್ತಿಗೆ ಕಾಯೆಟಾನ್ ವೊಂದ್ರಾಕ್‌ನ ಅತ್ತೆ ಬನ್ನಿಗೆ ಬೆಣ್ಣೆ ಸವರುತ್ತ, "ಅಳಿಯಂದಿರೇ, ನಾನೊಂದು ಸಂಗೀತ ಬರೆದಿದ್ದೀನಿ. ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ" ಎಂದರು. "ಉಪ್ಪು ಈ ಕಡೆ ಕೊಡಿ" ಅನ್ನುವಾಗ ಇರುವ ದನಿಯೇ ಅದು.

ಕಾಯೆಟಾನ್ ಕುರ್ಚಿಯಿಂದ ಅರ್ಧ ಎದ್ದ. ವಿಯೆನ್ನಾದ ಒಂದು ಸಂಗೀತ ನಾಟಕಶಾಲೆಯಲ್ಲಿ ಅವನು ಸ್ವರ ನಕಲು ಮಾಡುವ ಗುಮಾಸ್ತ. ಯಾರೋ ಬರೆದದ್ದನ್ನು ಒಬ್ಬೊಬ್ಬ ವಾದ್ಯಗಾರನಿಗೂ ಬೇರೆ ಬೇರೆ ಹಾಳೆಯಲ್ಲಿ, ಮುತ್ತು ಪೋಣಿಸಿದ ಅಕ್ಷರದಲ್ಲಿ ಇಳಿಸಿಕೊಡುವುದು ಅವನ ಉದ್ಯೋಗ. ಇಪ್ಪತ್ತೆರಡು ವರ್ಷದಿಂದ ಇನ್ನೊಬ್ಬರ ಸಂಗೀತ ಹೊತ್ತವನಿಗೆ ಈಗ ಮನೆಯಲ್ಲೇ ಒಬ್ಬರು ಸಂಗೀತ ರಚನಕಾರರು ಹುಟ್ಟಿಕೊಂಡಂತಾಯಿತು, ಅದೂ ಎಪ್ಪತ್ತೊಂದನೆಯ ವಯಸ್ಸಿನಲ್ಲಿ.

"ಅತ್ತೆ ಬರೆದದ್ದನ್ನ ಅಳಿಯ ನಕಲು ಮಾಡದೆ ಇನ್ಯಾರು ಮಾಡ್ಬೇಕು? ಕೊಡಿ ಇಲ್ಲಿ" ಎಂದು ಎದೆ ತಟ್ಟಿಕೊಂಡ. (ಇವತ್ತಿಗೂ ಆ ಜಾಗ ನೋಯುತ್ತದಂತೆ.)

ಅತ್ತೆ ಎರ್ನೆಸ್ಟೀನ್ ಹ್ಲಾದಿಕ್ ಅವರು ಬಡಾವಣೆಯ ಮಕ್ಕಳಿಗೆಲ್ಲ ನಲವತ್ತೊಂದು ವರ್ಷ ಪಿಯಾನೊ ಹೇಳಿಕೊಟ್ಟು, ಈಗ ಮಗಳ ಮನೆಯ ಹಿಂದಿನ ಕೋಣೆಯಲ್ಲಿ ಅಳಿಯನ ಕಾಲುಚೀಲ ರಿಪೇರಿ ಮಾಡಿಕೊಂಡಿದ್ದ ಸಾಧ್ವಿ. ಕಾಯೆಟಾನ್ ನಿರೀಕ್ಷಿಸಿದ್ದು ಹಿತವಾದ ಒಂದಿಷ್ಟು ರಾಗ, ನಡುವೆ ಒಂದು ನೃತ್ಯ, ಕೊನೆಗೆ ಸುಖಾಂತ್ಯ. ಹಾಳೆ ಬಿಚ್ಚಿದ. ಮೊದಲ ಸಾಲು ಓದಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದ. ತಪ್ಪು ಕನ್ನಡಕದ್ದಲ್ಲ.

"ಅತ್ತೆ, ಇದಕ್ಕೆ ಮನೆ ಎಲ್ಲಿ?"

"ಯಾವ ಮನೆ?"

"ಆಧಾರ ಸ್ವರ. ಸಂಗೀತ ಅಂದಮೇಲೆ ಒಂದು ಸ್ವರದಿಂದ ಹೊರಡುತ್ತೆ, ಊರೆಲ್ಲ ಸುತ್ತುತ್ತೆ, ಊಟದ ಹೊತ್ತಿಗೆ ಮನೆಗೆ ಬರುತ್ತೆ. ಇದು ಎಲ್ಲಿಂದ ಹೊರಟಿದೆ ಅಂತಾನೇ ಗೊತ್ತಾಗ್ತಿಲ್ಲವಲ್ಲ."

"ಎಲ್ಲಿಂದಲೂ ಹೊರಟಿಲ್ಲ, ಎಲ್ಲಿಗೂ ಬರೋದಿಲ್ಲ" ಎಂದರು ಅತ್ತೆ ಸಮಾಧಾನವಾಗಿ. "ಹನ್ನೆರಡು ಸ್ವರ. ಎಲ್ಲರೂ ಸಮಾನ."

ಕಾಯೆಟಾನ್ ಹಾಳೆಯನ್ನು ಮೇಜಿನ ಮೇಲೆ ದೂರ ತಳ್ಳಿದ. ಈ ಹೊಸ ಸಂಗೀತದ ಪಿಡುಗು ಊರಲ್ಲಿ ಹಬ್ಬಿದೆಯೆಂಬುದು ಅವನಿಗೆ ಗೊತ್ತಿತ್ತು. ಕಾಫಿ ಅಂಗಡಿಯಲ್ಲಿ ಅದರ ವಿರುದ್ಧ ಮೇಜು ಗುದ್ದಿ ಮಾತಾಡುವವರಲ್ಲಿ ಅವನೇ ಅಗ್ರಗಣ್ಯ. ಆದರೆ ಅದು ತನ್ನ ಮನೆಯ ಹಿಂದಿನ ಕೋಣೆಯಲ್ಲಿ, ಉಣ್ಣೆಯ ಉಂಡೆಗಳ ನಡುವೆ ಬೀಡುಬಿಟ್ಟಿದ್ದೀತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಇನ್ನೂರು ವರ್ಷದಿಂದ ಸಂಗೀತ ಮನೆಗೆ ಬರ್ತಾ ಇದೆ, ಅತ್ತೆ."

"ಅದರಲ್ಲಿ ನಲವತ್ತೊಂದು ವರ್ಷ ನಾನೇ ಕೈಹಿಡಿದು ಕರ್ಕೊಂಡು ಬಂದಿದ್ದೀನಿ. ಎಂಟು ಗಂಟೆಗೆ ಮಾಂಸದಂಗಡಿಯವನ ಮಗಳಿಗೆ ಮೊದಲ ಪಾಠದ ಸಿ ಮೇಜರ್. ಒಂಬತ್ತಕ್ಕೆ ವಕೀಲರ ಮಗನಿಗೆ ಸಿ ಮೇಜರ್. ಹತ್ತಕ್ಕೆ ಅವಳಿ ಜವಳಿ, ಇಬ್ರಿಗೂ ಸಿ ಮೇಜರ್. ನಂಗೆ ಸಾಕಾಗಿದೆ. ಸ್ವರಗಳು ಎಲ್ಲಿಗೆ ಬೇಕಾದ್ರೂ ಹೋಗ್ಲಿ, ನಾನಿನ್ನು ಬಾಗಿಲಲ್ಲಿ ಕಾಯೋದಿಲ್ಲ."

"ಹಾಗಂತ ಎಲ್ಲ ಸ್ವರಕ್ಕೂ ಒಂದೇ ಮರ್ಯಾದೆಯೇ?"

"ಚಕ್ರವರ್ತಿಗಳೇ ಗಂಟುಮೂಟೆ ಕಟ್ಕೊಂಡು ಹೋಗಿ ಐದು ವರ್ಷ ಆಯ್ತು. ಸಿ ಮೇಜರ್ ಒಂದೇ ಯಾಕೆ ಸಿಂಹಾಸನ ಬಿಟ್ಟು ಏಳಬಾರದು?"

ಕಾಯೆಟಾನ್ ಸಹಾಯಕ್ಕೆ ಹೆಂಡತಿಯ ಮುಖ ನೋಡಿದ. ಸಿಡೊನಿ ಅವನ ಎದುರಿದ್ದ ಜಾಮಿನ ಡಬ್ಬಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ಹನ್ನೊಂದು ವರ್ಷದ ದಾಂಪತ್ಯದಲ್ಲಿ ಇದು ಯುದ್ಧಘೋಷಣೆ.

"ರೀ, ಇಷ್ಟು ವರ್ಷದಲ್ಲಿ ಅಮ್ಮ ನಿಮ್ಮನ್ನ ಏನಾದ್ರೂ ಕೇಳಿದಾರಾ?"

"ಇಲ್ಲ ಕಣೇ, ಆದ್ರೆ..."

"ನವಸಂಗೀತ ಸಂಘದವರು ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಅಮ್ಮನ ಸಂಗೀತ ನುಡಿಸ್ತಾರೆ. ಜೀವಮಾನದಲ್ಲಿ ಒಂದೇ ಒಂದು ಸಲ. ನಿಮಗೆ ಇಷ್ಟ ಆಗ್ಬೇಕು ಅಂತ ಯಾರೂ ಕಾಯ್ತಿಲ್ಲ. ಈ ಕಾಗದದಲ್ಲಿರೋದನ್ನ ಆ ಕಾಗದಕ್ಕೆ ಇಳಿಸಿದ್ರೆ ಮುಗೀತು. ಅಲ್ಲೀವರೆಗೆ ಏಪ್ರಿಕಾಟ್ ಕಡುಬಿನ ಮಾತು ಈ ಮನೇಲಿ ಎತ್ತಬೇಡಿ."

ಏಪ್ರಿಕಾಟ್ ಹಣ್ಣಿನ ಕಾಲ ವರ್ಷಕ್ಕೆ ಮೂರೇ ವಾರ. ಕಾಯೆಟಾನ್ ಶರಣಾದ.

ಎಂಟು ದಿನ ನಾಟಕಶಾಲೆಯಿಂದ ಬಂದವನೇ ಕೈತೊಳೆದು ಬರೆಯಲು ಕೂತ. ಪಿಟೀಲು ಮೇಲಕ್ಕೆ ಹಾರಿದರೆ ಚೆಲ್ಲೊ ನೆಲಮಾಳಿಗೆಗೆ ಇಳಿಯುತ್ತಿತ್ತು. ಒಬ್ಬರ ಮಾತಿಗೆ ಇನ್ನೊಬ್ಬರು ಹೂಂ ಅನ್ನುವ ಪದ್ಧತಿಯೇ ಇಲ್ಲ. ಆದರೂ ಅವನ ಕೈ ಒಂದು ಚುಕ್ಕೆಯನ್ನೂ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಅವನನ್ನು ಹಿಂಡುತ್ತಿದ್ದದ್ದು ಸಂಗೀತವಲ್ಲ, ಭಯ. ಇಂಥ ಸಂಗೀತ ನುಡಿಸಿದ ಕಡೆ ವಿಯೆನ್ನಾದ ಮರ್ಯಾದಸ್ಥರು ಜೇಬಿನಿಂದ ತಲೆಬಾಗಿಲಿನ ಬೀಗದಕೈ ತೆಗೆದು, ಅದರ ತೂತಿಗೆ ತುಟಿಯಿಟ್ಟು ಸಿಳ್ಳೆ ಊದುತ್ತಾರೆ. ಗೇಣುದ್ದದ ಕಬ್ಬಿಣದ ಬೀಗದಕೈಗಳು, ಕಿವಿ ತೂತಾಗುವ ಸಿಳ್ಳೆ. ಹೇಗೆ ಗೊತ್ತೆಂದರೆ ಅವನೇ ಎರಡು ಸಲ ಊದಿದ್ದ. ಒಂದು ಸಲವಂತೂ ವೇದಿಕೆಯ ಮೇಲಿದ್ದ ಹುಡುಗಿ ಅಳುತ್ತ ಒಳಗೆ ಓಡಿದ್ದಳು. ಇವನು ಆ ರಾತ್ರಿ ಜಯಶಾಲಿಯಾಗಿ ಮಾಂಸದ ಗುಲಾಷ್ ತಿಂದಿದ್ದ.

ಈಗ ಆ ಹುಡುಗಿಯ ಜಾಗದಲ್ಲಿ ಕಪ್ಪು ಲೇಸಿನ ಟೋಪಿ ಹಾಕಿದ ಅತ್ತೆ ಕಾಣಿಸತೊಡಗಿದರು. ಅವನಿಗೆ ಅತ್ತೆಯೆಂದರೆ ಪ್ರೀತಿ. ಸ್ವಂತ ತಾಯಿಯೂ ಅವನ ಕಾಲುಚೀಲವನ್ನು ಅಷ್ಟು ಚೆನ್ನಾಗಿ ಹೊಲಿದಿರಲಿಲ್ಲ. ಅವರ ಮುಖಕ್ಕೆ ಊರವರು ಸಿಳ್ಳೆ ಊದುವುದನ್ನು ಅವನು ನೋಡಿಕೊಂಡಿರುವುದು ಸಾಧ್ಯವೇ ಇರಲಿಲ್ಲ.

ಹಾಗೆ ಯೋಚಿಸುತ್ತ ಕೊನೆಯ ಸ್ವರಕ್ಕೆ ಬಂದ. ಅಲ್ಲಿ ನಾಲ್ಕೂ ವಾದ್ಯ ಒಟ್ಟಿಗೆ ನುಡಿದು ನಿಲ್ಲಬೇಕು. ಮೊದಲ ಪಿಟೀಲಿಗೆ ಎಫ್ ಶಾರ್ಪ್, ಎರಡನೆಯದಕ್ಕೆ ಬಿ ಫ್ಲ್ಯಾಟ್, ಚೆಲ್ಲೊಗೆ ಬಿ. ಕಾಯೆಟಾನ್ ಲೇಖನಿ ಕೆಳಗಿಟ್ಟ. ಅನ್ನಕ್ಕೆ ಕುಳಿತವನ ಮುಂದಿನಿಂದ ತಟ್ಟೆ ಕಿತ್ತುಕೊಂಡು ಹೋದ ಹಾಗಿತ್ತು. ಕೇಳುವವರು ನಡುವೆ ಏನೇ ಅನುಭವಿಸಿರಲಿ, ಕೊನೆಯಲ್ಲಿ ಒಂದು ಸಿ ಮೇಜರ್ ಸಿಕ್ಕಿದರೆ ನಿಟ್ಟುಸಿರುಬಿಟ್ಟು ಎದ್ದುಹೋಗುತ್ತಾರೆ, ಬೀಗದಕೈ ಜೇಬಿನಲ್ಲೇ ಉಳಿಯುತ್ತದೆ ಎಂದು ಅವನಿಗೆ ಹೊಳೆಯಿತು. ಸಿ ಮೇಜರ್ ಎಂದರೆ ಸಿ, ಇ, ಜಿ ಕೂಡಿದ ಇಂಪು; ನಾಲ್ಕೇ ಸ್ವರ ಬದಲಿಸಿದರಾಯಿತು. ಪಿಟೀಲುಗಳಿಗೂ ಚೆಲ್ಲೊಗೂ ಸಿ, ಇ, ಸಿ ಬರೆದ. ವಯೋಲಾದ ಸಾಲಿನಲ್ಲಿ ಅತ್ತೆ ಏನು ಅನಾಹುತ ಮಾಡಿದ್ದಾರೆಂದು ನೋಡುವ ಗೋಜಿಗೂ ಹೋಗದೆ ಅದಕ್ಕೊಂದು ಜಿ ಬರೆದು ಮುಗಿಸಿದ. ಅತ್ತೆಯ ಮೂಲಪ್ರತಿಯನ್ನು ಬೀರುವಿನಲ್ಲಿ ಮೇಜುವಸ್ತ್ರಗಳ ಅಡಿಯಲ್ಲಿ ಬಚ್ಚಿಟ್ಟ.

ಅಭ್ಯಾಸದ ಹೊತ್ತಿಗೆ ಅತ್ತೆ ಹೋಗಿದ್ದರೆ ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು. ಅವರು ಹೋಗಲಿಲ್ಲ. "ಜನ ಅಭ್ಯಾಸ ಮಾಡೋದನ್ನ ನಲವತ್ತೊಂದು ವರ್ಷ ಕೇಳಿದ್ದೀನಿ. ಕಲಿತಾದ ಮೇಲೆ ಕೇಳ್ತೀನಿ" ಎಂದುಬಿಟ್ಟರು.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಸಂಘದ ಬಾಡಿಗೆ ಸಭಾಂಗಣದಲ್ಲಿ ಅರವತ್ತು ಜನ. ಗೋಡೆಯ ಮೇಲೆ ನಿಯಮದ ಹಲಗೆ: ಚಪ್ಪಾಳೆ ತಟ್ಟಕೂಡದು, ಸಿಳ್ಳೆ ಹಾಕಕೂಡದು. ಎಲ್ಲರ ಮುಖವೂ ಈಗಷ್ಟೇ ಸ್ಮಶಾನದಿಂದ ಬಂದವರಂತೆ ಗಂಭೀರ. ಅಧ್ಯಕ್ಷರಾದ ಡಾಕ್ಟರ್ ರೀಗ್ಲರ್ ಎಂಬ ಸಣಕಲು ಮನುಷ್ಯ ಅತ್ತೆಯ ಕೈಗೆ ಮುತ್ತಿಟ್ಟು ಮುಂದಿನ ಸಾಲಿಗೆ ಕರೆದೊಯ್ದರು.

ಸಂಗೀತ ಶುರುವಾಯಿತು. ಕಾಯೆಟಾನ್ ಬೆವರಿನಿಂದ ತೊಯ್ದು ಸುತ್ತ ನೋಡಿದ. ಯಾರೂ ಜೇಬಿಗೆ ಕೈಹಾಕಲಿಲ್ಲ. ಹಾಕುವುದಿರಲಿ, ಪಕ್ಕದ ಗಡ್ಡದವರು ಕಣ್ಣುಮುಚ್ಚಿ ತಲೆದೂಗುತ್ತಿದ್ದರು. ಹಿಂದಿನ ಸಾಲಿನ ಹೆಂಗಸೊಬ್ಬಳು ಕರವಸ್ತ್ರ ತೆಗೆದಳು. ಇಲ್ಲಿಗೆ ಬಂದಿದ್ದವರು ಕಾಫಿ ಅಂಗಡಿಯ ಜನವಲ್ಲ, ಈ ಸಂಗೀತವನ್ನೇ ಹಸಿದು ಹುಡುಕಿಕೊಂಡು ಬಂದವರು ಎಂಬ ಸರಳ ವಿಷಯ ಅವನಿಗೆ ಆಗ ಹೊಳೆಯಿತು. ಹೊಳೆದಾಗ ಉಳಿದದ್ದು ಎರಡೇ ಸಾಲು. ಓಡಿಹೋಗಿ ವಾದ್ಯ ಕಿತ್ತುಕೊಳ್ಳಬೇಕೆಂದು ಅರ್ಧ ಎದ್ದ, ಅಷ್ಟರಲ್ಲಿ ಹೊತ್ತು ಮೀರಿತ್ತು.

ಸಿ ಮೇಜರ್ ಬಂತು. ತುಂಬಿ, ದುಂಡಗೆ, ಸಕ್ಕರೆಪಾಕದ ಹಾಗೆ ಹರಡಿತು.

ಆಮೇಲೆ ಪಕ್ಕದ ಗಡ್ಡದವರು ಬೀಗದಕೈ ತೆಗೆದರು. ನಿಯಮದ ಹಲಗೆಯ ಕೆಳಗೇ ಕೂತಿದ್ದವನು ತೆಗೆದ. ಕಣ್ಣೊರೆಸಿಕೊಂಡ ಹೆಂಗಸು ಕೈಚೀಲದಿಂದ ಎಲ್ಲರಿಗಿಂತ ದೊಡ್ಡದನ್ನು ತೆಗೆದಳು. ಅರವತ್ತು ಬೀಗದಕೈಗಳು ಒಂದೇ ಸಲ ಕಿರುಚಿದವು.

"ಮೋಸ" ಎಂದು ಒಬ್ಬ ಕೂಗಿದ. "ಮಿಠಾಯಿ ಅಂಗಡಿಗೆ ಹೋಗಿ" ಎಂದ ಇನ್ನೊಬ್ಬ.

ಡಾಕ್ಟರ್ ರೀಗ್ಲರ್ ಮುಖ ಬಿಳಿಚಿಕೊಂಡು ಎದ್ದು ಬಂದರು. "ಏನಮ್ಮಾ ಇದು? ಇಷ್ಟೆಲ್ಲ ದಾಟಿ ಬಂದು ಕೊನೆಗೆ ಸಿ ಮೇಜರ್‌ನ ಕಾಲಿಗೆ ಬಿದ್ರಾ?"

ಅತ್ತೆ ನಿಧಾನವಾಗಿ ಎದ್ದು ಪಿಟೀಲಿನವನ ಮುಂದಿದ್ದ ಹಾಳೆಯನ್ನು ನೋಡಿದರು. ಅಳಿಯನ ಕೈಬರಹ ಅವರಿಗೆ ಗೊತ್ತಿಲ್ಲವೇ. ಒಂದು ಸಲ ತಿರುಗಿ ಅವನನ್ನು ನೋಡಿದರು. ಈಗ ಬೊಟ್ಟು ಮಾಡಿ ತೋರಿಸುತ್ತಾರೆ ಎಂದು ಅವನು ಕುರ್ಚಿಯಲ್ಲಿ ಕುಗ್ಗಿದ.

"ನಾನೇ ಬರೆದದ್ದು" ಎಂದರು ಅತ್ತೆ. "ವಯಸ್ಸಾಯ್ತು ನೋಡಿ."

ಅದು ಅರವತ್ತು ಸಿಳ್ಳೆಗಿಂತ ಜೋರಾಗಿ ಕಾಯೆಟಾನ್‌ನ ಕಿವಿಗೆ ಬಡಿಯಿತು. ಸಿಡೊನಿಯ ಮೊಣಕೈ ಪಕ್ಕೆಗೆ ಬಂತು. "ನೀವಾ?" ಎಂದಳು. ಅವನು ಹೌದೆಂದು ತಲೆಯಾಡಿಸಿದ. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಎದ್ದು ನಿಂತ.

"ಅದು ಅವರದಲ್ಲ. ನಾನು ಅವರ ಅಳಿಯ. ನಕಲು ಮಾಡುವಾಗ ತಿದ್ದಿದೆ" ಎಂದ. "ಅವರನ್ನ ನೀವೆಲ್ಲ ಸಿಳ್ಳೆ ಹಾಕಿ ಓಡಿಸ್ತೀರಿ ಅಂತ ಹೆದರಿ ತಿದ್ದಿದೆ."

ಸಭೆ ಅವನನ್ನು ಮಗು ಕೊಂದವನನ್ನು ನೋಡುವಂತೆ ನೋಡಿತು.

"ಮೂಲಪ್ರತಿ ಎಲ್ಲಿ?" ಎಂದರು ಡಾಕ್ಟರ್ ರೀಗ್ಲರ್.

"ಮನೆಯಲ್ಲಿದೆ. ಮೇಜುವಸ್ತ್ರದ ಅಡಿಯಲ್ಲಿ."

"ಹಾಗಾದರೆ ತಾವೇ ಹೇಳಿಬಿಡಿ ಅಮ್ಮಾ, ಏನು ಬರೆದಿದ್ರಿ ಅಂತ."

ಅತ್ತೆ ಇಲ್ಲವೆಂದು ತಲೆಯಲ್ಲಾಡಿಸಿದರು. ಪಾಠದ ಕೋಣೆಯ ಧ್ವನಿ ಬಂತು. "ತಪ್ಪು ಮಾಡಿದವರೇ ಸರಿ ಮಾಡ್ಬೇಕು. ಅಳಿಯಂದಿರೇ, ಮುಂದೆ ಬನ್ನಿ. ಕೈ ಜೇಬಿನಿಂದ ತೆಗೀರಿ. ಹೇಳಿ."

ಕಾಯೆಟಾನ್ ಮುಂದೆ ಹೋದ. "ಮೊದಲ ಪಿಟೀಲು, ಎಫ್ ಶಾರ್ಪ್" ಎಂದ. ಬಾಯಿಪಾಠವಾಗಿಬಿಟ್ಟಿತ್ತು, ಅಷ್ಟು ಚುಚ್ಚಿತ್ತು ಅದು. "ಎರಡನೇದು, ಬಿ ಫ್ಲ್ಯಾಟ್. ಚೆಲ್ಲೊ, ಬಿ." ಅಲ್ಲಿಗೆ ನಿಂತ. ವಯೋಲಾದವನು ಪೆನ್ಸಿಲ್ ಹಿಡಿದು ಕಾಯುತ್ತಿದ್ದ. ಆ ಸಾಲನ್ನು ಅವನು ನೋಡಿಯೇ ಇರಲಿಲ್ಲ. ಅರವತ್ತು ಜನ ಕಾಯುತ್ತಿದ್ದರು. ನೋಡಿಲ್ಲ ಎಂದರೆ ಜೀವಸಹಿತ ಹೊರಗೆ ಬಿಡುತ್ತಾರೆಯೇ? ಇಂಥ ಜನಕ್ಕೆ ಯಾವ ಸ್ವರ ಹಿತವಾದೀತು ಎಂದು ಜೀವಮಾನದಲ್ಲಿ ಮೊದಲ ಸಲ ಯೋಚಿಸಿ, ಇದ್ದುದರಲ್ಲಿ ಅತಿ ಕಹಿಯಾದದ್ದನ್ನು ಆರಿಸಿದ.

"ವಯೋಲಾ... ಜಿ ಶಾರ್ಪ್."

ಅತ್ತೆಯ ಹುಬ್ಬು ಒಂದಿಷ್ಟು ಮೇಲೇರಿತು. ಬರೆದುಕೊಳ್ಳಿ ಎಂದು ವಯೋಲಾದವನಿಗೆ ಸನ್ನೆ ಮಾಡಿದರು.

ಕೊನೆಯ ಪುಟವನ್ನು ಮತ್ತೆ ನುಡಿಸಿದರು. ನಾಲ್ಕು ಸ್ವರ ಒಟ್ಟಿಗೆ ನಿಂತು, ಎಲ್ಲಿಗೂ ಹೋಗದೆ ಹಾಗೇ ಆರಿದವು. ಬೀಗದಕೈಗಳು ಒಂದೊಂದಾಗಿ ಜೇಬು ಸೇರಿದವು. ಅರವತ್ತು ಜನ ಎದ್ದು ನಿಂತು ಅತ್ತೆಗೆ ತಲೆಬಾಗಿದರು. ಡಾಕ್ಟರ್ ರೀಗ್ಲರ್ ಮೂಗು ಒರೆಸಿಕೊಳ್ಳುತ್ತಿದ್ದರು. ಕಾಯೆಟಾನ್ ಬದುಕಿದೆನೆಂದು ಅಂದುಕೊಂಡ.

ಮನೆಗೆ ಹೋಗುವ ಟ್ರಾಮಿನಲ್ಲಿ ಸಿಡೊನಿ ಮುಂದಿನ ಬೆಂಚಿನಲ್ಲಿ ಬೆನ್ನುಹಾಕಿ ಕೂತಳು. ಅತ್ತೆ ಅಳಿಯನ ಪಕ್ಕ ಕೂತು ಕೈಗವಸು ಬಿಚ್ಚಿದರು.

"ವಯೋಲಾದ್ದು ಜಿ ಶಾರ್ಪ್ ಅಲ್ಲ, ಅಳಿಯಂದಿರೇ."

"ಗೊತ್ತು ಅತ್ತೆ. ಆ ಸಾಲು ನಾನು ನೋಡೇ ಇರಲಿಲ್ಲ. ತಪ್ಪಾಯ್ತು. ಏನು ಬರೆದಿದ್ರಿ?"

"ಜಿ."

"ಬರೀ ಜಿ? ಸಿ ಮೇಜರ್‌ನ ಜಿ?"

"ಅದೇ. ಅಷ್ಟೂ ಸಂಗೀತದಲ್ಲಿ ನಿಮಗೋಸ್ಕರ ಅಂತ ಇಟ್ಟಿದ್ದು ಅದೊಂದೇ ಸ್ವರ. ಎಂಟು ದಿನ ಕಷ್ಟಪಟ್ಟು ನಕಲು ಮಾಡ್ತಾರೆ, ಕೊನೆಗೆ ಅವರಿಗೂ ಒಂದು ಇರಲಿ ಅಂತ ಇಟ್ಟೆ. ಅದನ್ನ ಅಷ್ಟು ಜನರ ಎದುರಿಗೆ ನೀವೇ ಕಿತ್ತುಹಾಕಿದ್ರಿ."

ಟ್ರಾಮು ಎರಡು ನಿಲ್ದಾಣ ದಾಟಿತು.

"ಇವತ್ತೇ ತಿದ್ದಿ ಕೊಡ್ತೀನಿ ಅತ್ತೆ. ಮತ್ತೆ ಜಿ ಹಾಕೋಣ."

"ಇನ್ನು ಆಗಲ್ಲ. ಡಾಕ್ಟರ್ ರೀಗ್ಲರ್ ಆ ಜಿ ಶಾರ್ಪ್ ಕೇಳಿ ಅತ್ತುಬಿಟ್ರು. ಅಚ್ಚು ಹಾಕಿಸ್ತಾರಂತೆ. ನಿಜ ಹೇಳಿಬಿಡ್ತೀನಿ, ನನ್ನದಕ್ಕಿಂತ ನಿಮ್ಮದೇ ವಾಸಿ. ನಂಗೆ ಹೊಟ್ಟೆಕಿಚ್ಚಾಗಿದೆ."

"ಅಯ್ಯೋ, ಹಾಗನ್ನಬೇಡಿ" ಎಂದು ಕಾಯೆಟಾನ್ ಸುತ್ತಮುತ್ತ ಕಣ್ಣಾಡಿಸಿ ದನಿ ಇಳಿಸಿದ. "ಇದು ನಾಟಕಶಾಲೆಯವರಿಗೆ ಗೊತ್ತಾದ್ರೆ ನಾನು ತಲೆ ಎತ್ಕೊಂಡು ತಿರುಗೋ ಹಾಗಿಲ್ಲ. ಕಾಫಿ ಅಂಗಡಿಗಂತೂ ಕಾಲಿಡೋ ಹಾಗೇ ಇಲ್ಲ."

"ಯಾರಿಗೂ ಹೇಳಲ್ಲ. ಒಂದೇ ಷರತ್ತು. ಇನ್ನೊಂದು ಬರೀತಾ ಇದ್ದೀನಿ. ಅದರ ಕೊನೆಯ ಸ್ವರಾನೂ ನೀವೇ ಹಾಕ್ಬೇಕು."

ಕಾಯೆಟಾನ್ ಕಿಟಕಿಯ ಕಡೆ ಮುಖ ತಿರುಗಿಸಿದ. ಆಮೇಲೆ, ಮುಂದೆ ಕೂತ ಹೆಂಡತಿಗೆ ಕೇಳಿಸದ ಹಾಗೆ ಅತ್ತೆಯ ಕಡೆ ಬಾಗಿದ.

"ಸಿ ಶಾರ್ಪ್ ಆದ್ರೆ ನಡೆಯುತ್ತಾ?"